ಕೈಬೆರಳು ಗೋಡೆಗೆ, ಕಾಲ್ಬೆರಳು ಕಟ್ಟೆಗೆ

2021ರ ಜುಲೈ 29, ಗುರುವಾರ. ಕೋವಿಡ್ ಕಾರಣದಿಂದ ಟೋಕಿಯೊ ಒಲಿಂಪಿಕ್ಸ್‌ನ ಈಜುಕೊಳದ ಸುತ್ತ ಪ್ರೇಕ್ಷಕರ ಆಸನಗಳೆಲ್ಲ ಖಾಲಿ. ಮಹಿಳೆಯರ 4×200 ಮೀಟರ್ ಫ್ರೀಸ್ಟೈಲ್ ರಿಲೇ ಫೈನಲ್‌ನಲ್ಲಿ ಮೂರು ಸರದಿ ಮುಗಿದಿತ್ತು. ಚೀನಾದ ಲೀ ಬಿಂಗ್‌ಜಿಯೆ ಅವರ ಸರದಿ ಶುರುವಾಗಿ 1.94 ಸೆಕೆಂಡ್ ಕಳೆದ ಮೇಲೆ ಅಮೆರಿಕದ ಕೇಟಿ ಲೆಡೆಕಿ ಅವರ ಸರದಿ ಶುರುವಾಯಿತು. ಅವರು ಈಜುವ ವೇಗದಲ್ಲಿ ಅಷ್ಟು ಹೊತ್ತೆಂದರೆ ಸುಮಾರು ಮೂರೂವರೆ ಮೀಟರ್ ದೂರ. ನಡುವೆ ಆಸ್ಟ್ರೇಲಿಯಾದ ಲೇಯಾ ನೀಲ್ ಬೇರೆ ಇದ್ದರು.

ಲೆಡೆಕಿ ನೀಲ್ ಅವರನ್ನು ಹಿಂದಿಕ್ಕಿದರು. ಲೀ ಅವರನ್ನು ಅಟ್ಟಿಸಿಕೊಂಡು ಹೋದರು. 200 ಮೀಟರನ್ನು 1 ನಿಮಿಷ 53.76 ಸೆಕೆಂಡಿನಲ್ಲಿ ಮುಗಿಸಿದರು. ಪದಕ ಗೆದ್ದ ಮೂರು ತಂಡಗಳ ಹನ್ನೆರಡು ಮಂದಿಯಲ್ಲಿ ಯಾರೂ ಇಷ್ಟು ಬೇಗ ಮುಗಿಸಿರಲಿಲ್ಲ. ಆದರೂ 0.40 ಸೆಕೆಂಡ್ ಉಳಿದೇಹೋಯಿತು. ಚೀನಾ 7 ನಿಮಿಷ 40.33, ಅಮೆರಿಕ 7 ನಿಮಿಷ 40.73, ಆಸ್ಟ್ರೇಲಿಯಾ 7 ನಿಮಿಷ 41.29. ಅಲ್ಲಿಯವರೆಗಿನ ವಿಶ್ವದಾಖಲೆ ಎಷ್ಟಿತ್ತು ಗೊತ್ತೆ? 7 ನಿಮಿಷ 41.50. ಎರಡು ವರ್ಷ ಹಿಂದೆ ಗ್ವಾಂಗ್‌ಜುನಲ್ಲಿ ಅದನ್ನು ಬರೆದವರು ಆಸ್ಟ್ರೇಲಿಯಾದವರೇ. ತಮ್ಮದೇ ವಿಶ್ವದಾಖಲೆಗಿಂತ ಚೆನ್ನಾಗಿ ಈಜಿ ಮೂರನೆಯವರಾದರು, ಪಾಪ.

ಎಂಟುನೂರು ಮೀಟರ್ ಈಜಿನಲ್ಲಿ 0.40 ಸೆಕೆಂಡ್ ಎಂದರೆ ಎಪ್ಪತ್ತು ಸೆಂಟಿಮೀಟರ್, ಒಂದು ತೋಳಿನುದ್ದ. ಒಬ್ಬರಿಂದ ಒಬ್ಬರಿಗೆ ಸರದಿ ಬದಲಾಗುವ ಮೂರು ಸಂದರ್ಭಗಳಿಗೆ ಅದನ್ನು ಹಂಚಿದರೆ ತಲಾ 0.13 ಸೆಕೆಂಡ್. ಟಿವಿಯಲ್ಲಿ ನೋಡುವ ನಮಗೆ ರಿಲೇ ಎಂದರೆ ನಾಲ್ವರ ಈಜಿನ ಮೊತ್ತ. ಈಜು ಕಲಿಸುವವರಿಗೆ ಅದು ನಾಲ್ಕು ಈಜು ಮತ್ತು ಮೂರು ಜಿಗಿತ. ಆ ಮೂರು ಜಿಗಿತಗಳ ವಿಜ್ಞಾನವೇ ನನಗೆ ಈ ಸ್ಪರ್ಧೆಯ ಅತಿ ಸ್ವಾರಸ್ಯದ ಭಾಗ.

ಓಟದ ರಿಲೇಯಲ್ಲಿ ಕೈಯಿಂದ ಕೈಗೆ ಕೋಲು ದಾಟುತ್ತದೆ. ಈಜಿನಲ್ಲಿ ದಾಟಿಸಲು ಏನೂ ಇಲ್ಲ. ನಿಯಮ ಇಷ್ಟೇ: ಬರುವಾಕೆಯ ಕೈ ಗೋಡೆ ಮುಟ್ಟುವವರೆಗೆ ಕಾಯುವಾಕೆಯ ಕಾಲು ಸ್ಟಾರ್ಟಿಂಗ್ ಬ್ಲಾಕ್ ಎಂಬ ಕಟ್ಟೆಯನ್ನು ಬಿಡಬಾರದು. ಕಾಲು ಮಾತ್ರ, ಮೈಯಲ್ಲ! ಕಾಲ್ಬೆರಳ ತುದಿ ಕಟ್ಟೆಗೆ ಅಂಟಿಕೊಂಡಿದ್ದರೆ ಸಾಕು, ಉಳಿದ ದೇಹವೆಲ್ಲ ಆಗಲೇ ನೀರಿನ ಮೇಲೆ ಚಾಚಿರಬಹುದು. ಕ್ರಿಕೆಟ್‌ನಲ್ಲಿ ಬೌಲರ್ ಕಡೆ ನಿಂತ ಬ್ಯಾಟ್ಸ್‌ಮನ್ ಬ್ಯಾಟಿನ ತುದಿಯನ್ನು ಗೆರೆಯೊಳಗಿಟ್ಟು ಮೈಯನ್ನು ಆಚೆ ಬಾಗಿಸಿರುತ್ತಾನಲ್ಲ, ಹಾಗೆ. ಒಂದೇ ವ್ಯತ್ಯಾಸ: ಬ್ಯಾಟ್ಸ್‌ಮನ್ ಮನಸ್ಸು ಬದಲಿಸಿ ಹಿಂದಕ್ಕೆ ಬರಬಹುದು. ಮುಂದಕ್ಕೆ ವಾಲಿದ ಈಜುಗಾರ್ತಿಯನ್ನು ಗುರುತ್ವಾಕರ್ಷಣೆ ವಾಪಸು ಕಳಿಸುವುದಿಲ್ಲ.

ಮೊದಲ ಸರದಿಯಾಕೆಗೆ ಈ ಸೌಲಭ್ಯವಿಲ್ಲ. ಆಕೆ ಬೀಪ್ ಶಬ್ದಕ್ಕೆ ಕಾಯಬೇಕು. ಶಬ್ದ ಕಿವಿಗೆ ಬಿದ್ದು, ಮಿದುಳಿಗೆ ಹೋಗಿ, ಅಲ್ಲಿಂದ ಬೆನ್ನುಹುರಿಯ ಮೂಲಕ ತೊಡೆಗೆ ಅಪ್ಪಣೆ ಬಂದು, ತೊಡೆ ಕಟ್ಟೆಯನ್ನು ಒದ್ದು, ಕಾಲು ಗಾಳಿಗೆ ಬರುವಷ್ಟರಲ್ಲಿ ಸುಮಾರು 0.65ರಿಂದ 0.75 ಸೆಕೆಂಡ್ ಸಂದಿರುತ್ತದೆ. ಗಡಿಯಾರ ಅದನ್ನೆಲ್ಲ ಆಕೆಯ ಲೆಕ್ಕಕ್ಕೇ ಬರೆಯುತ್ತದೆ. ಪ್ರತಿ ಕಟ್ಟೆಯ ಬಳಿಯೂ ಒಂದೊಂದು ಸ್ಪೀಕರ್ ಇಡುವುದೂ ಇದಕ್ಕೇ. ಒಂದೇ ಮೂಲೆಯಿಂದ ಶಬ್ದ ಬಂದರೆ, 17 ಮೀಟರ್ ಆಚೆ ನಿಂತವಳನ್ನು ಅದು ತಲುಪಲು 0.05 ಸೆಕೆಂಡ್ ಬೇಕು. ಪದಕ ತಪ್ಪಿಸಲು ಅಷ್ಟು ಸಾಕು.

ಎರಡನೆಯವಳಿಂದ ಆಚೆಗೆ ಕಿವಿಗೆ ಕೆಲಸವಿಲ್ಲ, ಎಲ್ಲ ಕಣ್ಣಿಗೆ. ಜಿಗಿತದ ತಯಾರಿ, ಎಂದರೆ ತೋಳು ಬೀಸಿ, ಮೈ ವಾಲಿಸಿ, ಕಾಲು ಚಾಚುವುದು, ಇದಕ್ಕೆಲ್ಲ ಹತ್ತಿರಹತ್ತಿರ ಒಂದು ಸೆಕೆಂಡ್ ಹಿಡಿಯುತ್ತದೆ. ಬರುವಾಕೆ ಒಂದು ಸೆಕೆಂಡಿನಲ್ಲಿ ಒಂದೂಮುಕ್ಕಾಲು ಮೀಟರ್ ಸಾಗುತ್ತಾಳೆ. ಆದ್ದರಿಂದ ಅವಳು ಗೋಡೆಗೆ ಇನ್ನೂ ಅಷ್ಟು ದೂರವಿರುವಾಗಲೇ ಕಾಯುವಾಕೆ ತೀರ್ಮಾನ ಮಾಡಿಬಿಡಬೇಕು. ಸ್ಪರ್ಧೆಯ ಕೊಳದ ತಳದಲ್ಲಿ ಪ್ರತಿ ಲೇನಿನ ನಡುವೆ ಕಪ್ಪು ಪಟ್ಟಿ ಎಳೆದಿರುತ್ತಾರೆ. ಗೋಡೆಗೆ ಎರಡು ಮೀಟರ್ ಇರುವಾಗ ಅದು ಅಡ್ಡಗೆರೆಯೊಂದಿಗೆ ಮುಗಿಯುತ್ತದೆ. ಈಜುತ್ತ ಬರುವವಳಿಗೆ ಗೋಡೆ ಹತ್ತಿರವಾಯಿತೆಂದು ತಿಳಿಸಲು ಹಾಕಿದ ಗುರುತು ಅದು. ಕಟ್ಟೆಯ ಮೇಲೆ ನಿಂತವಳಿಗೂ ಅದೇ ಗಂಟೆ. ಬರುವವಳ ತಲೆ ಆ ಗೆರೆ ದಾಟುವುದನ್ನೂ ಅವಳ ಕೊನೆಯ ಕೈಬೀಸನ್ನೂ ಕೂಡಿಸಿ ಮಿದುಳು ಭವಿಷ್ಯ ಹೇಳಬೇಕು. ಆಮೇಲೆ, ಈಜುತ್ತ ಬರುವವಳು ಆ ಭವಿಷ್ಯವನ್ನು ನಿಜ ಮಾಡಬೇಕು. ಅವಳು ಕೊನೆಯಲ್ಲಿ ಉಸಿರಿಗೆಂದು ತಲೆ ತಿರುಗಿಸಿದರೆ, ಅಥವಾ ಕೈಬೀಸು ಅರ್ಧ ಉಳಿದು ಮೈ ಚಾಚಿ ತೇಲಿಕೊಂಡು ಬಂದರೆ, ಮೇಲಿದ್ದವಳು ಬೇಗ ಹಾರಿ ಇಡೀ ತಂಡ ಅನರ್ಹ. ಹೀಗಾಗಿ ಅಭ್ಯಾಸದಲ್ಲಿ ಇಬ್ಬರನ್ನೂ ಜೋಡಿಯಾಗಿ ಪಳಗಿಸುತ್ತಾರೆ.

ಕೈ ಮುಟ್ಟಿದ್ದನ್ನು ಗೋಡೆಯ ಟಚ್‌ಪ್ಯಾಡ್ ಹೇಳುತ್ತದೆ, ಕಾಲು ಬಿಟ್ಟಿದ್ದನ್ನು ಕಟ್ಟೆಯೊಳಗಿನ ಸೆನ್ಸರ್ ಹೇಳುತ್ತದೆ. ಅಲೆ ಬಡಿದಾಗಲೆಲ್ಲ ಗಡಿಯಾರ ನಿಂತರೆ ಕಷ್ಟ ಎಂದು ಪ್ಯಾಡನ್ನು ತುಸು ಒತ್ತಿದರಷ್ಟೇ ಸ್ಪಂದಿಸುವಂತೆ ಮಾಡಿರುತ್ತಾರೆ. ಯಂತ್ರಗಳ ಈ ಮಿತಿಗೆ ರಿಯಾಯಿತಿಯಾಗಿ, ಕಾಲು 0.03 ಸೆಕೆಂಡ್ ಮೊದಲು ಬಿಟ್ಟಂತೆ ಕಂಡರೂ ಕ್ಷಮೆಯಿದೆ. ಅದಕ್ಕಿಂತ ಹೆಚ್ಚಾದರೆ ಇಲ್ಲ. ನುರಿತ ತಂಡಗಳು ಮುಟ್ಟುವುದಕ್ಕೂ ಬಿಡುವುದಕ್ಕೂ ನಡುವಿನ ಅಂತರವನ್ನು 0.1ರಿಂದ 0.3 ಸೆಕೆಂಡಿನೊಳಗೆ ಇಟ್ಟುಕೊಳ್ಳುತ್ತವೆ. ಬೀಪ್‌ಗೆ ಕಾದವಳಿಗೆ ಹೋಲಿಸಿದರೆ ಅರ್ಧ ಸೆಕೆಂಡ್ ಲಾಭ.

ಸೆಕೆಂಡನ್ನು ನೂರು ಭಾಗ ಮಾಡುವವರು ಸಾವಿರ ಭಾಗ ಏಕೆ ಮಾಡುವುದಿಲ್ಲ? ಒಮ್ಮೆ ಮಾಡಿ ನೋಡಿದ್ದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಪುರುಷರ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅಮೆರಿಕದ ಟಿಮ್ ಮೆಕೀಯವರನ್ನು 0.002 ಸೆಕೆಂಡಿನಿಂದ ಸೋಲಿಸಿದರು. ದೂರದಲ್ಲಿ ಹೇಳುವುದಾದರೆ ಮೂರು ಮಿಲಿಮೀಟರ್. ಎಲ್ಲ ಲೇನುಗಳ ಉದ್ದವನ್ನು ಮೂರು ಮಿಲಿಮೀಟರ್ ನಿಖರತೆಯಲ್ಲಿ ಕಟ್ಟುವ ಗಾರೆಯವನು ಎಲ್ಲಿದ್ದಾನೆ? ಆಮೇಲೆ ನೂರನೇ ಭಾಗಕ್ಕೇ ನಿಲ್ಲಿಸಿದರು. ಹೀಗಾಗಿಯೇ 2016ರ ರಿಯೊದಲ್ಲಿ ಮಹಿಳೆಯರ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಸಿಮೋನ್ ಮ್ಯಾನುಯೆಲ್ ಮತ್ತು ಪೆನ್ನಿ ಒಲೆಕ್ಸಿಯಾಕ್ ಇಬ್ಬರಿಗೂ 52.70, ಇಬ್ಬರಿಗೂ ಚಿನ್ನ.

ಜಿಗಿತಕ್ಕೆ ಇಷ್ಟು ಬೆಲೆ ಬರಲು ಕಾರಣ ನೀರು. ಅದು ಗಾಳಿಗಿಂತ ಎಂಟುನೂರು ಪಟ್ಟು ಸಾಂದ್ರ. ಇಡೀ ಸ್ಪರ್ಧೆಯಲ್ಲಿ ಈಜುಗಾರ್ತಿ ಅತಿ ವೇಗವಾಗಿರುವುದು ನೀರಿಗಿಳಿಯುವ ಆ ಒಂದು ಕ್ಷಣದಲ್ಲಿ, ತಾನು ಈಜುವ ವೇಗದ ಎರಡು ಪಟ್ಟಿಗೂ ಹೆಚ್ಚು. ಬೆರಳ ತುದಿ ಮಾಡಿದ ತೂತಿನಲ್ಲೇ ತಲೆ, ಸೊಂಟ, ಪಾದ ಎಲ್ಲ ನುಸುಳಬೇಕು. ಬಾವಿಗೆ ಹಾರಿ ಹೊಟ್ಟೆಗೆ ಏಟು ತಿಂದವರಿಗೆ ಇದನ್ನು ವಿವರಿಸಬೇಕಿಲ್ಲ. ಒಳಗೆ ಹೋದ ಮೇಲೂ ತಕ್ಷಣ ಮೇಲೆ ಬರುವುದಿಲ್ಲ. ನೀರಿನ ಮೇಲ್ಮೈಯಲ್ಲಿ ಈಜುವ ದೇಹ ದೋಣಿಯಂತೆ ಅಲೆ ಎಬ್ಬಿಸುತ್ತದೆ, ಅಲೆ ಎಬ್ಬಿಸುವುದಕ್ಕೆ ಶಕ್ತಿ ಪೋಲಾಗುತ್ತದೆ. ಆಳದಲ್ಲಿ ಅಲೆಯ ತಂಟೆ ಇಲ್ಲ. ಅದಕ್ಕೇ ಎರಡೂ ಕಾಲು ಜೋಡಿಸಿ ಡಾಲ್ಫಿನ್‌ನಂತೆ ಬಡಿಯುತ್ತ ಸಾಗುತ್ತಾರೆ. ಇದೇ ಲಾಭವೆಂದು ಕೊಳದುದ್ದಕ್ಕೂ ಮುಳುಗಿಯೇ ಹೋಗದಂತೆ 15 ಮೀಟರ್ ಮಿತಿ ಹಾಕಿದ್ದಾರೆ.

ವೇಗ ಹೆಚ್ಚಿದಂತೆ ನೀರಿನ ಎಳೆತ ವೇಗದ ವರ್ಗದಷ್ಟು ಏರುತ್ತದೆ. ಅದನ್ನು ಮೀರಲು ಬೇಕಾದ ಸಾಮರ್ಥ್ಯ ಘನದಷ್ಟು. ನಮ್ಮವರದೇ ಉದಾಹರಣೆ ತೆಗೆದುಕೊಳ್ಳಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ 14 ವರ್ಷದ ಧಿನಿಧಿ ದೇಸಿಂಗು ಇದೇ 200 ಮೀಟರ್ ಫ್ರೀಸ್ಟೈಲನ್ನು 2 ನಿಮಿಷ 6.96 ಸೆಕೆಂಡಿನಲ್ಲಿ ಈಜಿದರು. ಟೋಕಿಯೊದ ಚೀನಾ ತಂಡದಲ್ಲಿ ಒಬ್ಬೊಬ್ಬರ ಸರಾಸರಿ 1 ನಿಮಿಷ 55 ಸೆಕೆಂಡ್. ವೇಗದಲ್ಲಿ ವ್ಯತ್ಯಾಸ ಶೇ 10ರಷ್ಟು ಮಾತ್ರ. ಆದರೆ ಅದೇ ಮೈಕಟ್ಟಿನಲ್ಲಿ, ಅದೇ ಶೈಲಿಯಲ್ಲಿ ಆ ಶೇ 10 ಏರಲು ಸಾಮರ್ಥ್ಯ ಮೂರನೇ ಒಂದು ಭಾಗದಷ್ಟು ಹೆಚ್ಚಬೇಕು. ಆದ್ದರಿಂದಲೇ ಈಜುಗಾರರು ತೋಳು ಬಲಿಸುವುದಕ್ಕೆ ಕೊಡುವಷ್ಟೇ ಗಮನವನ್ನು ಮೈಯನ್ನು ನೀರಿನಲ್ಲಿ ನೇರವಾಗಿ ಇಟ್ಟುಕೊಳ್ಳುವುದಕ್ಕೂ ಕೊಡುತ್ತಾರೆ.

ಎಳೆತ ತಗ್ಗಿಸುವ ಇನ್ನೊಂದು ದಾರಿ ಬಟ್ಟೆ. 2008-09ರಲ್ಲಿ ಪಾಲಿಯುರೇಥೇನ್ ಉಡುಪುಗಳು ಬಂದು ದಾಖಲೆಗಳು ತರಗೆಲೆಗಳಂತೆ ಉದುರಿದವು. 2010ರ ಜನವರಿಯಿಂದ ಅವನ್ನು ನಿಷೇಧಿಸಿದರು. ಆದರೂ 2009ರಲ್ಲಿ ರೋಮ್‌ನಲ್ಲಿ ನೆದರ್ಲೆಂಡ್ಸ್ ಬರೆದ 4×100 ದಾಖಲೆ 2014ರವರೆಗೆ, ಚೀನಾ ಬರೆದ 4×200 ದಾಖಲೆ 2019ರವರೆಗೆ ಅಲುಗಾಡಲಿಲ್ಲ.

ಟೋಕಿಯೊಗೇ ಮರಳೋಣ. ಚೀನಾದ ಮೂರನೇ ಸರದಿಯ ಝಾಂಗ್ ಯುಫೇ ಅಂದು ಬೆಳಗ್ಗೆಯೇ 200 ಮೀಟರ್ ಬಟರ್‌ಫ್ಲೈ ಫೈನಲ್ ಈಜಿ, 2 ನಿಮಿಷ 3.86 ಸೆಕೆಂಡಿನ ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದಿದ್ದರು. ರಿಲೇಯಲ್ಲೂ ಈಜಬೇಕೆಂದು ತಿಳಿದದ್ದು ಅದಾದ ಮೇಲೇ ಎಂದು ಆಮೇಲೆ ಹೇಳಿಕೊಂಡರು. ಎರಡು ನಿಮಿಷದ ಪೂರ್ಣವೇಗದ ಈಜಿಗೆ ಆಮ್ಲಜನಕದಿಂದ ಸಿಗುವ ಶಕ್ತಿ ಸಾಲುವುದಿಲ್ಲ. ಸ್ನಾಯು ತನ್ನಲ್ಲಿರುವ ಗ್ಲೈಕೊಜೆನ್ನನ್ನು ಆಮ್ಲಜನಕವಿಲ್ಲದೆಯೇ ಒಡೆಯುತ್ತದೆ, ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ. ಲ್ಯಾಕ್ಟೇಟ್ ವಿಷ ಎಂದು ಬಹಳ ಕಾಲ ನಂಬಿದ್ದರು. ಹಾಗಲ್ಲ, ಹೃದಯವೂ ಬೇರೆ ಸ್ನಾಯುಗಳೂ ಅದನ್ನೇ ಉರುವಲು ಮಾಡಿಕೊಳ್ಳುತ್ತವೆ. ಹಾಗಾಗಿ ಸ್ಪರ್ಧೆ ಮುಗಿಸಿದವರು ಕುರ್ಚಿಗೆ ಒರಗುವುದಿಲ್ಲ, ಪಕ್ಕದ ಕೊಳಕ್ಕೆ ಹೋಗಿ ನಿಧಾನವಾಗಿ ಈಜುತ್ತಾರೆ. ಸುಮ್ಮನೆ ಕೂತರೆ ರಕ್ತ ತಿಳಿಯಾಗಲು ಹೆಚ್ಚು ಹೊತ್ತು. ಝಾಂಗ್ ರಿಲೇಯಲ್ಲಿ ತಮ್ಮ ಪಾಲನ್ನು 1 ನಿಮಿಷ 55.66ರಲ್ಲಿ ಮುಗಿಸಿದರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. 2021ರ ಆರಂಭದಲ್ಲಿ ಚೀನಾದ 23 ಈಜುಗಾರರ ಮಾದರಿಗಳಲ್ಲಿ ನಿಷೇಧಿತ ಹೃದಯೌಷಧ ಟ್ರೈಮೆಟಾಜಿಡಿನ್ ಸಿಕ್ಕಿತ್ತೆಂದು 2024ರಲ್ಲಿ ಬಯಲಾಯಿತು. ಹೊರಬಿದ್ದ ಹೆಸರುಗಳಲ್ಲಿ ಝಾಂಗ್ ಅವರದೂ ಇತ್ತು. ಆಹಾರ ಕಲುಷಿತವಾಗಿತ್ತೆಂಬ ಚೀನಾದ ವಿವರಣೆಯನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಪ್ರಶ್ನಿಸಲಿಲ್ಲ. ಫಲಿತಾಂಶ ಹಾಗೇ ಉಳಿದಿದೆ.

ಆಸ್ಟ್ರೇಲಿಯಾದ್ದು ಬೇರೆ ಸಂಕಟ. ಹಿಂದಿನ ದಿನ 200 ಮೀಟರ್ ಚಿನ್ನವನ್ನು 1 ನಿಮಿಷ 53.50ರಲ್ಲಿ ಗೆದ್ದಿದ್ದ ಅರಿಯಾರ್ನ್ ಟಿಟ್ಮಸ್ ಅವರನ್ನು ಮೊದಲ ಸರದಿಗೆ ಇಳಿಸಿದರು. ಮುಂದಿದ್ದವಳಿಗೆ ಅಲೆಗಳಿಲ್ಲದ ನೀರು ಸಿಗುತ್ತದೆ, ಹಿಂದೆ ಬರುವ ಗೆಳತಿಯರಿಗೆ ಧೈರ್ಯ ಬರುತ್ತದೆ ಎಂಬ ಲೆಕ್ಕ. ಅವರು ಈಜಿದ್ದು 1 ನಿಮಿಷ 54.51. ಚೀನಾದ ಯಾಂಗ್ ಜುನ್‌ಶುವಾನ್ 1 ನಿಮಿಷ 54.37ರಲ್ಲಿ ಮೊದಲು ಮುಟ್ಟಿದರು. ಟಿಟ್ಮಸ್ ಹಿಂದಿನ ದಿನದಂತೆಯೇ ಈಜಿದ್ದರೆ ಆಸ್ಟ್ರೇಲಿಯಾದ ಮೊತ್ತ 7 ನಿಮಿಷ 40.28 ಆಗಿ 0.05 ಸೆಕೆಂಡಿನಿಂದ ಚಿನ್ನ ಬರುತ್ತಿತ್ತು. ಅತ್ತೆಗೆ ಮೀಸೆ ಬಂದಿದ್ದರೆ ಮಾವ ಎನ್ನಬಹುದಿತ್ತು, ಬಿಡಿ. ಎರಡು ವರ್ಷದ ನಂತರ ಫುಕುವೊಕಾದಲ್ಲಿ ಅದೇ ಟಿಟ್ಮಸ್ ಕೊನೆಯ ಸರದಿಯನ್ನು 1 ನಿಮಿಷ 52.41ರಲ್ಲಿ ಈಜಿ ತಂಡದ ವಿಶ್ವದಾಖಲೆಯನ್ನು 7 ನಿಮಿಷ 37.50ಕ್ಕೆ ಇಳಿಸಿದರು.

ಫುಕುವೊಕಾ ಎಂದಾಗ 2001ರ ವಿಶ್ವ ಚಾಂಪಿಯನ್‌ಷಿಪ್ ನೆನಪಾಗುತ್ತದೆ. ಅದೇ ಊರು, ಅದೇ 4×200. ಆಸ್ಟ್ರೇಲಿಯಾ ಮೊದಲು ಮುಟ್ಟಿತು. ಕಟ್ಟೆಯ ಮೇಲಿದ್ದವರು ಸಂಭ್ರಮದಲ್ಲಿ ಕೊಳಕ್ಕೆ ಹಾರಿಬಿಟ್ಟರು. ಇತರ ತಂಡಗಳು ಇನ್ನೂ ಈಜುತ್ತಿದ್ದವು. ತಂಡ ಅನರ್ಹವಾಯಿತು, ಚಿನ್ನ ಕೊನೆಗೆ ಬ್ರಿಟನ್ನಿಗೆ ಹೋಯಿತು. ಸರಿಯಾಗಿ ಜಿಗಿಯುವುದನ್ನು ಜೀವನವಿಡೀ ಕಲಿತವರು ಒಂದು ಜಿಗಿತ ಹೆಚ್ಚು ಮಾಡಿ ಕಳೆದುಕೊಂಡರು!

ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಈಜಲು ಅವಕಾಶ ಸಿಕ್ಕಿದ್ದೇ 1912ರಲ್ಲಿ, ಸ್ಟಾಕ್‌ಹೋಮ್‌ನ ಕೊಲ್ಲಿಯೊಂದರ ತೆರೆದ ನೀರಿನಲ್ಲಿ. 4×100 ರಿಲೇಯನ್ನು ಬ್ರಿಟನ್ 5 ನಿಮಿಷ 52.8 ಸೆಕೆಂಡಿನಲ್ಲಿ ಗೆದ್ದಿತು. ಆಸ್ಟ್ರೇಲಿಯಾದಿಂದ ಬಂದಿದ್ದವರು ಫ್ಯಾನಿ ಡ್ಯುರಾಕ್ ಮತ್ತು ಮಿನಾ ವೈಲಿ ಇಬ್ಬರೇ. ತಲಾ ಎರಡು ಸರದಿ ಈಜುತ್ತೇವೆಂದರು, ಸಂಘಟಕರು ಒಪ್ಪಲಿಲ್ಲ. 4×200 ಒಲಿಂಪಿಕ್ಸ್‌ಗೆ ಬರಲು 1996 ಆಗಬೇಕಾಯಿತು. 4×100 ವಿಶ್ವದಾಖಲೆ 2023ರಲ್ಲಿ ಆಸ್ಟ್ರೇಲಿಯಾ ಈಜಿದ 3 ನಿಮಿಷ 27.96ಕ್ಕೆ ಬಂದು ನಿಂತಿತು.

ಹಾರುತ್ತ ಹೊರಡುವವರ ಅರ್ಧ ಸೆಕೆಂಡ್ ಲಾಭ ತಂಡದ ಮೊತ್ತಕ್ಕೆ ಸೇರುತ್ತದೆ, ವೈಯಕ್ತಿಕ ದಾಖಲೆಗೆ ಸೇರುವುದಿಲ್ಲ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕೇಟ್ ಕ್ಯಾಂಪ್‌ಬೆಲ್ 4×100 ರಿಲೇಯ ಕೊನೆಯ 100 ಮೀಟರನ್ನು 51.00 ಸೆಕೆಂಡಿನಲ್ಲಿ ಈಜಿದರೂ, ಟೋಕಿಯೊದಲ್ಲಿ ಎಮ್ಮಾ ಮೆಕಿಯೋನ್ 51.35ರಲ್ಲಿ ಈಜಿದರೂ ಅವು ದಾಖಲೆ ಪಟ್ಟಿಯಲ್ಲಿಲ್ಲ. ಬೀಪ್ ಕೇಳಿ ಹೊರಟವಳ ಸಮಯ ಮಾತ್ರ ಅಲ್ಲಿಗೆ ಹೋಗುತ್ತದೆ. 2017ರಲ್ಲಿ ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ವೀಡನ್ನಿನ ಸಾರಾ ಶೋಸ್ಟ್ರಮ್ 4×100 ರಿಲೇಯ ಮೊದಲ ಸರದಿಯನ್ನು 51.71ರಲ್ಲಿ ಮುಗಿಸಿ, 52 ಸೆಕೆಂಡಿನ ಒಳಗೆ 100 ಮೀಟರ್ ಈಜಿದ ಮೊದಲ ಮಹಿಳೆಯಾದರು. ಸ್ವೀಡನ್ನಿಗೆ ಆ ರಿಲೇಯಲ್ಲಿ ಪದಕವೇ ಬರಲಿಲ್ಲ. ಅದೇ ಕೂಟದ 100 ಮೀಟರ್ ಫೈನಲ್‌ನಲ್ಲಿ ಅವರು ಈಜಿದ್ದು 52.31, ಚಿನ್ನ ಗೆದ್ದ ಸಿಮೋನ್ ಮ್ಯಾನುಯೆಲ್, 52.27.