ಘಟ್ಟ ಇಳಿಯುವ ಮುನ್ನ: ಹಳೆಯ ಬೈಕಿನ ಜಾಮ್ ಆದ ಬ್ರೇಕ್ ಬಿಡಿಸುವ ಬಗೆ

ಪರ್ವರಿ: ಇಲ್ಲಿಂದ ಮಾಂಡೋವಿ ಸೇತುವೆ ದಾಟಿ ಪಣಜಿಗೆ ದುಡಿಯಲು ಹೋಗುವ ನಮ್ಮವರಲ್ಲಿ ಅನೇಕರಿಗೆ ಹಳೆಯ ಬೈಕೇ ಆಧಾರ. ಚೌತಿ ಬಂತೆಂದರೆ ಅದೇ ಬೈಕು ಸಾಂಖಳಿ, ಕೇರಿ ಮಾರ್ಗವಾಗಿ ಚೋರ್ಲಾ ಘಟ್ಟ ಹತ್ತಿ ಬೆಳಗಾವಿಯತ್ತ ಹೊರಡುತ್ತದೆ. ಮರಳುವಾಗ ಇಳಿಜಾರು. ಮಳೆಯಲ್ಲೂ ಕಡಲ ಉಪ್ಪುಗಾಳಿಯಲ್ಲೂ ನೆನೆದ ಡಿಸ್ಕ್ ಬ್ರೇಕು ಕೈಕೊಡಬಾರದ ಸ್ಥಳವದು.

1999ರ ಹೀರೋ ಹೋಂಡಾ ಸಿಬಿಝಡ್, 2001ರ ಬಜಾಜ್ ಪಲ್ಸರ್‌ಗಳ ಕಾಲದಿಂದ ಡಿಸ್ಕ್ ಬ್ರೇಕು ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾಗತೊಡಗಿತು. ಲಿವರ್ ಒತ್ತಿದಾಗ ಬ್ರೇಕ್ ಆಯಿಲ್ ಕ್ಯಾಲಿಪರ್‌ನೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಲಿವರ್ ಬಿಟ್ಟಾಗ ಅದನ್ನು ಹಿಂದಕ್ಕೆಳೆಯಲು ಯಾವ ಸ್ಪ್ರಿಂಗೂ ಇಲ್ಲ. ಪಿಸ್ಟನ್ ಸುತ್ತಲಿನ ರಬ್ಬರ್ ಸೀಲು ಒತ್ತುವಾಗ ತುಸು ತಿರುಚಿಕೊಂಡು, ಬಿಟ್ಟೊಡನೆ ನೆಟ್ಟಗಾಗಿ ಪಿಸ್ಟನ್ನನ್ನು ಹಿಂದಕ್ಕೊಯ್ಯುತ್ತದೆ. ಪಿಸ್ಟನ್ ತುಕ್ಕು ಹಿಡಿದರೆ, ಸೀಲಿನ ಗಾಡಿಯಲ್ಲಿ ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಕಟ್ಟಿದರೆ, ಈ ಕೂದಲೆಳೆಯ ಚಲನೆ ನಿಲ್ಲುತ್ತದೆ. ಪ್ಯಾಡು ಸದಾ ಉಜ್ಜುತ್ತದೆ, ಡಿಸ್ಕು ಕಾಯುತ್ತದೆ. ಡಾಟ್ 4 ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಾಳಬೇಕು. ತೇವ ಹೀರಿದ ಮೇಲೆ ಆ ಮಟ್ಟ 155. ಆಯಿಲ್ ಕುದಿದು ಆವಿಯಾದರೆ ಲಿವರ್ ಹಿಡಿಗೆ ತಾಗುತ್ತದೆ, ಬೈಕು ನಿಲ್ಲುವುದಿಲ್ಲ.

ಮೊದಲು ದೋಷವೆಲ್ಲಿದೆ ಎಂದು ತಿಳಿಯಬೇಕು. ಬ್ರೇಕ್ ಹಿಡಿದುಕೊಂಡಿರುವಾಗ ಚಕ್ರವನ್ನು ನೆಲದಿಂದ ಎತ್ತಿ, ಕ್ಯಾಲಿಪರ್‌ನ ಬ್ಲೀಡರ್ ನಿಪ್ಪಲನ್ನು ತುಸು ಸಡಿಲಿಸಿರಿ. ಚಕ್ರ ಬಿಡುಗಡೆಯಾದರೆ ದೋಷ ಹಳೆಯ ಹೋಸಿನಲ್ಲೋ ಮೇಲಿನ ಮಾಸ್ಟರ್ ಸಿಲಿಂಡರಿನಲ್ಲೋ ಇದೆ. ಆಗದಿದ್ದರೆ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಪಿನ್ನು ಜಾಮ್ ಆಗಿದೆ. ನಿಪ್ಪಲೇ ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಹೊರಗಿನಿಂದ ಹನಿಸಿ, ಕಾದು, ಸರಿಯಾಗಿ ಕೂರುವ ರಿಂಗ್ ಪಾನಾದಿಂದ ಮೊದಲು ಕೊಂಚ ಬಿಗಿಸಿ ನಂತರ ಸಡಿಲಿಸಬೇಕು.

ಪಿಸ್ಟನ್ ತೆಗೆಯಲು ಬೈಕಿನ ಬ್ರೇಕೇ ಉತ್ತಮ ಸಾಧನ. ಆದುದರಿಂದ ಹೋಸನ್ನು ಆತುರದಿಂದ ಬಿಚ್ಚಬಾರದು. ನಿಪ್ಪಲ್ ಬಿಗಿಸಿ, ಹೋಸ್ ಸಮೇತ ಕ್ಯಾಲಿಪರನ್ನು ಕಳಚಿ, ಪ್ಯಾಡುಗಳನ್ನು ತೆಗೆದು, ಕೆಳಗೆ ಪಾತ್ರೆಯಿಟ್ಟು ಲಿವರನ್ನು ನಿಧಾನವಾಗಿ ಒತ್ತುತ್ತ ಹೋದರೆ ಪಿಸ್ಟನ್ ಹೊರಬರುತ್ತದೆ. ಆಯಿಲ್ ಡಬ್ಬಿ ಬರಿದಾಗದಂತೆ ತುಂಬುತ್ತಿರಬೇಕು. ಎರಡು ಪಿಸ್ಟನ್ ಇದ್ದಲ್ಲಿ ಸಡಿಲವಾದುದನ್ನು ಕ್ಲಾಂಪಿನಿಂದ ತಡೆದರೆ ಒತ್ತಡವೆಲ್ಲ ಹಟಮಾರಿಯ ಮೇಲೆ ಬೀಳುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಬಳಸುವುದು ಅಪಾಯ: ಪಿಸ್ಟನ್ ಗುಂಡಿನಂತೆ ಚಿಮ್ಮಿ ಬೆರಳು ಜಜ್ಜಬಲ್ಲದು. ಇಕ್ಕಳದಿಂದ ಪಿಸ್ಟನ್ನಿನ ಹೊರಮೈ ಹಿಡಿದರೆ ಕ್ರೋಮ್ ಗೀರಿ ಅದು ನಿರುಪಯೋಗಿಯಾಗುತ್ತದೆ.

ಹೊರಬಂದ ಪಿಸ್ಟನ್ನಿನ ಮೇಲೆ ಉಗುರಿಗೆ ಸಿಗುವ ಗುಳಿಗಳಿದ್ದರೆ ಬದಲಿಸುವುದೊಂದೇ ದಾರಿ, ಮರಳುಕಾಗದ ಪರಿಹಾರವಲ್ಲ. ಸೀಲಿನ ಗಾಡಿಯ ಬಿಳಿ ಪುಡಿಯನ್ನು ಮರದ ಕಡ್ಡಿಯಿಂದ ಕೆರೆದು, ಹೊಸ ಸೀಲು ಹಾಕಿ, ಹೊಸ ಬ್ರೇಕ್ ಆಯಿಲನ್ನೇ ಸವರಿ ಪಿಸ್ಟನ್ ಕೂರಿಸಬೇಕು. ಸೀಮೆಎಣ್ಣೆ, ಡೀಸೆಲ್, ಸಾಮಾನ್ಯ ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಮತ್ತೆ ಜಾಮ್ ಆಗುತ್ತದೆ. ಜಾರುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿರಿ. ಬಳಿಕ ಗಾಳಿಗುಳ್ಳೆ ಉಳಿಯದಂತೆ ಬ್ಲೀಡ್ ಮಾಡಿ, ಲಿವರ್ ಗಟ್ಟಿಯಾಗಿದೆಯೆಂದು ಖಾತರಿಪಡಿಸಿಕೊಂಡು, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಪರೀಕ್ಷಿಸಿರಿ. ಅಭ್ಯಾಸವಿಲ್ಲದವರು ಈ ಕೆಲಸವನ್ನು ನುರಿತ ಮೆಕ್ಯಾನಿಕರಿಗೇ ಒಪ್ಪಿಸುವುದು ಲೇಸು.

ಹೊರಚಾಚಿದ ಪಿಸ್ಟನ್ನನ್ನು ಸ್ಕ್ರೂಡ್ರೈವರಿನಿಂದ ಒಳಗೆ ತಳ್ಳಿ, ಎಣ್ಣೆ ಚಿಮುಕಿಸಿ, ಸರಿಯಾಯಿತೆನ್ನುವ ಅಗ್ಗದ ರಿಪೇರಿಯನ್ನು ನಾವು ಒಪ್ಪಲಾರೆವು. ತುಕ್ಕು ಹಿಡಿದ ಭಾಗ ಆಗ ಸೀಲಿನ ಕೆಳಗೇ ಹೋಗಿ ಕೂರುತ್ತದೆ. ಚಕ್ರ ಅಂದು ತಿರುಗೀತು, ಆದರೆ ದೋಷ ಒಳಗೇ ಉಳಿಯುತ್ತದೆ. ಊರಿಗೆ ಹೊರಡುವ ಹಿಂದಿನ ದಿನ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಡಿಸ್ಕಿನ ಹತ್ತಿರಕ್ಕೆ ಅಂಗೈ ಒಯ್ಯಿರಿ, ಮುಟ್ಟಬೇಡಿರಿ. ಬ್ರೇಕ್ ಹಿಡಿಯದೆಯೂ ಅದು ಕಾದಿದ್ದರೆ ಪ್ರಯಾಣ ಒಂದು ದಿನ ತಡವಾಗಲಿ. ಮನೆಯವರು ಕಾಯುವುದು ಹಬ್ಬಕ್ಕಿಂತ ಹೆಚ್ಚಾಗಿ ನಿಮಗಾಗಿ.