ಸಹಿಯ ಕೀಲಿಕೈ ಯಾರ ಬಳಿಯಲ್ಲಿದೆ?

ಬ್ಯಾಂಕಿಂಗ್ ಶಿಸ್ತಿಗೆ ಉಡುಪಿ ಹೆಸರಾದ ಊರು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆ 1906ರಲ್ಲಿಯೂ, ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1925ರಲ್ಲಿಯೂ ಇಲ್ಲಿಯೇ ಸ್ಥಾಪನೆಗೊಂಡವು. 2020ರ ಏಪ್ರಿಲ್ 1ರಂದು ಇವು ಕ್ರಮವಾಗಿ ಯೂನಿಯನ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕ್‌ಗಳಲ್ಲಿ ವಿಲೀನಗೊಂಡವಾದರೂ, ಬ್ಯಾಂಕಿನ ಲಾಕರ್ ಕಲಿಸುವ ಪಾಠ ಹಳತಾಗಿಲ್ಲ. ಲಾಕರಿಗೆ ಎರಡು ಕೀಲಿಕೈ: ಬ್ಯಾಂಕಿನದೊಂದು, ಗ್ರಾಹಕರದೊಂದು. ಎರಡೂ ಕೂಡದೆ ಬಾಗಿಲು ತೆರೆಯದು. ಗ್ರಾಹಕರು ತಮ್ಮ ಕೀಲಿಕೈಯನ್ನು ಬ್ಯಾಂಕಿನ ಮೇಜಿನ ಮೇಲೆಯೇ ಬಿಟ್ಟುಬಂದರೆ ಈ ಏರ್ಪಾಡಿಗೆ ಅರ್ಥವಿಲ್ಲ.

ಇಂದು ಅಂತಹುದೇ ಮತ್ತೊಂದು ಕೀಲಿಕೈ ನಮ್ಮ ವ್ಯವಹಾರದೊಳಗೆ ಬಂದಿದೆ. ಅದುವೇ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್. ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಪ್ರೈವೇಟ್ ಲಿಮಿಟೆಡ್ ಕಂಪನಿಯಿರಲಿ, ಕಾರ್ಕಳದ ಗೇರುಬೀಜ ರಫ್ತುದಾರರಿರಲಿ, ಕಾಪುವಿನ ಗುತ್ತಿಗೆದಾರರಿರಲಿ, ಇದಿಲ್ಲದೆ ಹಲವು ಕೆಲಸಗಳು ಮುಂದೆ ಸಾಗವು. ಆದರೆ ಟೋಕನ್ ಎಲ್ಲಿದೆ ಎಂದು ವಿಚಾರಿಸಿದರೆ, ‘ಆಡಿಟರ ಕಚೇರಿಯಲ್ಲಿದೆ, ಪಾಸ್‌ವರ್ಡ್ ಕೂಡ ಅವರಿಗೇ ಗೊತ್ತು’ ಎಂಬ ಉತ್ತರ ಅಪರೂಪವಲ್ಲ. ಈ ರೂಢಿಯ ಅಪಾಯವನ್ನು ಸದಸ್ಯರು ಅರಿಯುವುದು ಅಗತ್ಯ.

ಪೆನ್ ಡ್ರೈವ್ ಅಲ್ಲ

ನೋಟಕ್ಕೆ ಪೆನ್ ಡ್ರೈವ್‌ನಂತಿದ್ದರೂ ಟೋಕನ್‌ನ ಸ್ವಭಾವ ಬೇರೆ. ಇದರೊಳಗೆ ಪುಟ್ಟ ಚಿಪ್ ಒಂದಿದ್ದು, ಸಹಿಗೆ ಬೇಕಾದ ಖಾಸಗಿ ಸಂಕೇತವು ಅದರೊಳಗೇ ಹುಟ್ಟಿ ಅಲ್ಲಿಯೇ ಉಳಿಯುತ್ತದೆ. ಗಣಕಯಂತ್ರವು ಸಹಿಯಾಗಬೇಕಾದ ಕಡತದ ಸಾರಸಂಖ್ಯೆಯನ್ನು ಟೋಕನ್‌ಗೆ ಕಳುಹಿಸುತ್ತದೆ. ಟೋಕನ್ ಸಹಿಯನ್ನಷ್ಟೇ ಹಿಂದಿರುಗಿಸುತ್ತದೆ. ಹೀಗಾಗಿ ಇದರ ನಕಲು ಮಾಡಲಾಗದು. ಕೈಯಲ್ಲಿರುವ ವಸ್ತು ಮತ್ತು ಮನಸ್ಸಿನಲ್ಲಿರುವ ಪಾಸ್‌ವರ್ಡ್, ಇವೆರಡೂ ಕೂಡಿದಾಗ ಮಾತ್ರ ಸಹಿ ಬೀಳುತ್ತದೆ. ಎರಡನ್ನೂ ಒಬ್ಬರ ಕೈಗೊಪ್ಪಿಸಿದರೆ ಖಾಲಿ ಚೆಕ್ಕುಗಳ ಇಡೀ ಪುಸ್ತಕಕ್ಕೆ ಸಹಿ ಹಾಕಿಕೊಟ್ಟಂತೆ.

ಎಲ್ಲೆಲ್ಲಿ ಬಳಕೆ?

ಕಂಪನಿ ವ್ಯವಹಾರಗಳ ಸಚಿವಾಲಯವು 2006ರಲ್ಲಿ ಎಂಸಿಎ-21 ವ್ಯವಸ್ಥೆಯನ್ನು ಜಾರಿಗೆ ತಂದಂದಿನಿಂದ ಕಂಪನಿಗಳ ದಾಖಲೆ ಸಲ್ಲಿಕೆಗೆ ಡಿಜಿಟಲ್ ಸಹಿ ಬೇಕಾಗಿದೆ. ಕಂಪನಿ ಮತ್ತು ಎಲ್‌ಎಲ್‌ಪಿಗಳ ಜಿಎಸ್‌ಟಿ ನೋಂದಣಿ, ಕಂಪನಿಗಳ ಆದಾಯ ತೆರಿಗೆ ವಿವರ, ಸರಕಾರಿ ಇ-ಟೆಂಡರ್ ಇವುಗಳಿಗೂ ಇದು ಅವಶ್ಯ. ಏಕಮಾಲಿಕತ್ವದ ಅಂಗಡಿಗಳಿಗೆ ಜಿಎಸ್‌ಟಿಯಲ್ಲಿ ಮೊಬೈಲಿಗೆ ಬರುವ ಒಟಿಪಿಯೇ ಸಾಲುತ್ತದೆ.

ಸಹಿ ಹಾಕುವುದಷ್ಟೇ ಅಲ್ಲ, ಒಳಪ್ರವೇಶಕ್ಕೂ ಇದು ಕೀಲಿಕೈ. ಆದಾಯ ತೆರಿಗೆಯ ಇ-ಫೈಲಿಂಗ್ ಖಾತೆಯಲ್ಲಿ ‘ಇ-ಫೈಲಿಂಗ್ ವಾಲ್ಟ್’ ಎಂಬ ಸೌಲಭ್ಯವಿದ್ದು, ಡಿಜಿಟಲ್ ಸಹಿಯನ್ನು ಜೋಡಿಸಿದರೆ ಪಾಸ್‌ವರ್ಡ್ ಒಂದರಿಂದಲೇ ಯಾರೂ ಒಳಹೋಗಲಾರರು. ಅದೇ ಖಾತೆಯ ಪಾಸ್‌ವರ್ಡ್ ಮರೆತಾಗ ಹೊಸತನ್ನು ಪಡೆಯಲೂ ಡಿಜಿಟಲ್ ಸಹಿ ಒಂದು ದಾರಿ. ಎಂದರೆ, ಟೋಕನ್ ಅನ್ಯರ ವಶವಾದರೆ ಖಾತೆಯೂ ಅವರ ವಶವಾಗಬಹುದು.

ಹೊಣೆ ಯಾರದು?

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 42ನೇ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಖಾಸಗಿ ಸಂಕೇತವನ್ನು ತನ್ನ ಹತೋಟಿಯಲ್ಲಿರಿಸಿಕೊಳ್ಳಲು ಸೂಕ್ತ ಎಚ್ಚರ ವಹಿಸುವುದು ಸಹಿದಾರರ ಕರ್ತವ್ಯ. ಅದು ಕೈತಪ್ಪಿದರೆ ಪ್ರಮಾಣಪತ್ರ ನೀಡಿದ ಸಂಸ್ಥೆಗೆ ವಿಳಂಬವಿಲ್ಲದೆ ತಿಳಿಸಬೇಕು. ತಿಳಿಸುವವರೆಗಿನ ಹೊಣೆ ಸಹಿದಾರರದೇ. ಇನ್ನೊಬ್ಬರ ವಿದ್ಯುನ್ಮಾನ ಸಹಿಯನ್ನಾಗಲಿ ಪಾಸ್‌ವರ್ಡನ್ನಾಗಲಿ ವಂಚನೆಯಿಂದ ಬಳಸಿದವರಿಗೆ 66ಸಿ ಕಲಮಿನಡಿ 3 ವರ್ಷಗಳವರೆಗೆ ಸೆರೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ, ನಿಜ. ಆದರೆ ತಾವಾಗಿಯೇ ಟೋಕನ್ ಮತ್ತು ಪಾಸ್‌ವರ್ಡ್ ಎರಡನ್ನೂ ಕೊಟ್ಟವರು, ‘ಈ ಸಹಿ ನನ್ನದಲ್ಲ’ ಎಂದು ಸಾಧಿಸುವುದು ಸುಲಭವಲ್ಲ. ಇದು ಲೆಕ್ಕಪರಿಶೋಧಕರ ಮೇಲಿನ ಅವಿಶ್ವಾಸದ ಮಾತಲ್ಲ. ಅವರ ಕಚೇರಿಯಲ್ಲಿ ಸಿಬ್ಬಂದಿ ಬದಲಾಗುತ್ತಾರೆ. ಹತ್ತಾರು ಕಕ್ಷಿದಾರರ ಟೋಕನ್‌ಗಳು ಒಂದೇ ಡ್ರಾಯರಿನಲ್ಲಿರುತ್ತವೆ. ಅದನ್ನು ಹಿಂದಿರುಗಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಕಚೇರಿಯ ಗಣಕಯಂತ್ರಕ್ಕೂ ಕೀಲಿಕೈ

ಗಣಕಯಂತ್ರ ಹಾಗೂ ಇ-ಮೇಲ್ ಪ್ರವೇಶಕ್ಕೆಂದೇ ‘ಸೆಕ್ಯುರಿಟಿ ಕೀ’ ಎಂಬ ಬೇರೊಂದು ಯುಎಸ್‌ಬಿ ಸಾಧನವಿದೆ. ಫಿಡೋ ಎಂಬ ಅಂತಾರಾಷ್ಟ್ರೀಯ ಮಾನದಂಡದಂತೆ ಕೆಲಸ ಮಾಡುವ ಇದನ್ನು ಡಿಜಿಟಲ್ ಸಹಿಗೆ ಬದಲಾಗಿ ಬಳಸಲಾಗದು. ತಾನು ನೋಂದಣಿಯಾದ ಜಾಲತಾಣದ ವಿಳಾಸಕ್ಕೆ ಮಾತ್ರ ಇದು ಉತ್ತರಿಸುತ್ತದೆ. ತದ್ರೂಪಿ ತಾಣಕ್ಕೆ ಮನುಷ್ಯ ಮೋಸಹೋದರೂ ಕೀಲಿಕೈ ಮೋಸಹೋಗದು. ಗೂಗಲ್ ಸಂಸ್ಥೆ 2017ರಲ್ಲಿ ತನ್ನ 85,000ಕ್ಕೂ ಹೆಚ್ಚು ನೌಕರರಿಗೆ ಇದನ್ನು ಕಡ್ಡಾಯಗೊಳಿಸಿತು. ಆ ಬಳಿಕ ನೌಕರರ ಕೆಲಸದ ಖಾತೆಗಳು ಇಂತಹ ಮೋಸಕ್ಕೆ ಬಲಿಯಾದ ವರದಿಯಿಲ್ಲವೆಂದು 2018ರಲ್ಲಿ ತಿಳಿಸಿತು.

ಕಚೇರಿಯ ಖಾತೆಗಳು ಮೈಕ್ರೋಸಾಫ್ಟ್‌ನ ಎಂಟ್ರಾ ವ್ಯವಸ್ಥೆಯಲ್ಲಿದ್ದರೆ ವಿಂಡೋಸ್ ಗಣಕಯಂತ್ರವನ್ನೇ ಇದರಿಂದ ತೆರೆಯಬಹುದು. ಒಂಟಿ ಗಣಕಯಂತ್ರಕ್ಕಾದರೆ ಪ್ರತ್ಯೇಕ ತಂತ್ರಾಂಶ ಬೇಕು. ಸಣ್ಣ ಉದ್ದಿಮೆದಾರರು ಮೊದಲು ವ್ಯವಹಾರದ ಇ-ಮೇಲ್ ಖಾತೆಯಿಂದ ಆರಂಭಿಸುವುದು ಲೇಸು. ಏಕೆಂದರೆ ಬೇರೆ ಹಲವು ಖಾತೆಗಳ ಪಾಸ್‌ವರ್ಡ್ ಬದಲಾಯಿಸುವ ಸಂದೇಶ ಬಂದು ಸೇರುವುದು ಅಲ್ಲಿಗೇ.

ಸದಸ್ಯರ ಗಮನಕ್ಕೆ

1. ಟೋಕನ್ ಅನ್ನು ಆಡಿಟರ ಕಚೇರಿಯಿಂದ ಹಿಂದಕ್ಕೆ ಪಡೆದು, ಪಾಸ್‌ವರ್ಡನ್ನು ತಾವೇ ಬದಲಾಯಿಸಿಕೊಳ್ಳಿರಿ.

2. ಸಹಿ ಬೇಕಾದಾಗ ತಾವೇ ಪಾಸ್‌ವರ್ಡ್ ಒತ್ತಿರಿ. ಕಡತವನ್ನು ಓದದೆ ಸಹಿ ಮಾಡದಿರಿ. ಕೆಲಸ ಮುಗಿದೊಡನೆ ಟೋಕನ್ ತೆಗೆದಿಡಿರಿ.

3. ತಪ್ಪು ಪಾಸ್‌ವರ್ಡನ್ನು ಹಲವು ಬಾರಿ ಒತ್ತಿದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ. ಹೊಸದಾಗಿ ಸಜ್ಜುಗೊಳಿಸಿದರೆ ಒಳಗಿನ ಪ್ರಮಾಣಪತ್ರ ಅಳಿಯುತ್ತದೆ.

4. ಪ್ರಮಾಣಪತ್ರದ ಗರಿಷ್ಠ ಅವಧಿ 3 ವರ್ಷ. ರಿಟರ್ನ್ ಸಲ್ಲಿಕೆಯ ಕೊನೆಯ ದಿನ ಅವಧಿ ಮುಗಿದಿರುವುದು ತಿಳಿಯದಿರಲಿ. ಹೊಸ ಪ್ರಮಾಣಪತ್ರವನ್ನು ಜಿಎಸ್‌ಟಿ, ಆದಾಯ ತೆರಿಗೆ ಖಾತೆಗಳಲ್ಲಿ ಮತ್ತೆ ನೋಂದಾಯಿಸಬೇಕು.

5. ಒಂದು ಟೋಕನ್ ಕೆಟ್ಟರೆ ಕೆಲಸ ನಿಲ್ಲದಂತೆ, ಸಾಧ್ಯವಿರುವಲ್ಲಿ ಇನ್ನೊಬ್ಬ ಪಾಲುದಾರರನ್ನು ಅಥವಾ ನಿರ್ದೇಶಕರನ್ನು ಅಧಿಕೃತ ಸಹಿದಾರರನ್ನಾಗಿಸಿರಿ. ಸೆಕ್ಯುರಿಟಿ ಕೀ ಕೊಳ್ಳುವುದಾದರೆ ಎರಡನ್ನು ಕೊಂಡು, ಎರಡನ್ನೂ ನೋಂದಾಯಿಸಿರಿ.

6. ಪ್ರಮಾಣಪತ್ರ ನೀಡಿದ ಸಂಸ್ಥೆಯ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಟೋಕನ್ ಕಳೆದರೆ ರದ್ದತಿಯ ಕೋರಿಕೆಯನ್ನು ಅಂದೇ ಸಲ್ಲಿಸಿರಿ.

ಅಂಗಡಿಯ ಬೀಗವನ್ನು ರಾತ್ರಿ ಎರಡೆರಡು ಬಾರಿ ಎಳೆದು ನೋಡುವವರು ನಾವು. ಅಂಗಡಿಯೊಳಗಿನ ಸರಕಿಗಿಂತ ಬೆಲೆಯುಳ್ಳದ್ದು ನಮ್ಮ ಸಹಿ. ಅದರ ಕೀಲಿಕೈ ಇಂದು ಯಾರ ಡ್ರಾಯರಿನಲ್ಲಿದೆ ಎಂಬುದನ್ನು ಪ್ರತಿಯೊಬ್ಬ ಸದಸ್ಯರೂ ಈ ವಾರದೊಳಗೇ ವಿಚಾರಿಸಿಕೊಳ್ಳುವುದು ಒಳಿತು.