ಹಾಡು ಅವರದು, ಮಾತು ನಮ್ಮದು

ಗಣಪತಿ ಕಳಿಸುವ ದಿನ ನಮ್ಮ ಗಂಗಾವತಿಯ ಓಣಿಯಲ್ಲಿ ಡಿಜೆ ಶುರುವಾಯಿತೆಂದರೆ ಚಂದನ್ ಶೆಟ್ಟಿಯ ‘ತ್ರೀ ಪೆಗ್’ ಹಾಡಿಲ್ಲದೆ ಮುಗಿಯುವುದಿಲ್ಲ. ಐದನೇ ಕ್ಲಾಸಿನ ನನ್ನ ಮಗನಿಗೆ ಅದು ಪೂರ್ತಿ ಬಾಯಿಪಾಠ. ಮಗ್ಗಿ ಮಾತ್ರ ಏಳರಿಂದ ಮುಂದಕ್ಕೆ ಹೋಗುವುದಿಲ್ಲ! ನಿಮ್ಮ ಮನೆಯಲ್ಲೂ ಇದೇ ಕಥೆ ಅಲ್ಲವೇ?

ಇಂಥ ಹಾಡುಗಳಿಂದ ಮಕ್ಕಳು ಕೆಡುತ್ತಾರೆ ಅಂತ ಬರೆಯೋಣವೆಂದೇ ಒಮ್ಮೆ ಪೆನ್ನು ಹಿಡಿದಿದ್ದೆ. ಆದರೆ ಎರಡು ಸಾಲು ಬರೆಯುವಷ್ಟರಲ್ಲಿ ನನ್ನದೇ ಬಾಯಿಂದ ಹೊರಬಿದ್ದ ಒಂದು ಮಾತು ನೆನಪಾಯಿತು. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

2024ರ ಜೂನ್ ತಿಂಗಳು. ಕುಷ್ಟಗಿಯ ಅಕ್ಕನ ಮನೆಯಲ್ಲಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತ ಕೂತಿದ್ದೆವು. ಅಕ್ಕಪಕ್ಕದ ನಾಲ್ಕಾರು ಹೆಣ್ಣುಮಕ್ಕಳೂ ಬಂದಿದ್ದರು. ಟೀವಿಯಲ್ಲಿ ಬೆಳಗಿನಿಂದ ಒಂದೇ ಸುದ್ದಿ. ಚಂದನ್ ಶೆಟ್ಟಿ ಮತ್ತು ನಿವೇದಿತಾ ಗೌಡ ಪರಸ್ಪರ ಒಪ್ಪಿ, ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನ ಪಡೆದಿದ್ದರು. ಬಿಗ್ ಬಾಸ್ ಮನೆಯಲ್ಲಿ ಪರಿಚಯವಾದ ಜೋಡಿ. 2019ರ ಅಕ್ಟೋಬರ್‌ನಲ್ಲಿ ಮೈಸೂರಿನ ಯುವ ದಸರಾ ವೇದಿಕೆಯ ಮೇಲೆಯೇ ಆತ ಪ್ರೇಮ ನಿವೇದನೆ ಮಾಡಿ, ಸರ್ಕಾರಿ ಉತ್ಸವದಲ್ಲಿ ಇದೆಂಥದ್ದು ಅಂತ ಬೈಸಿಕೊಂಡು ಕ್ಷಮೆ ಕೇಳಿದ್ದ. 2020ರ ಫೆಬ್ರವರಿಯಲ್ಲಿ ಮದುವೆ. ಇಷ್ಟೆಲ್ಲ ನಮಗೆ ನಮ್ಮ ಮನೆ ಮದುವೆಗಿಂತ ಚೆನ್ನಾಗಿ ನೆನಪಿತ್ತು ನೋಡಿ!

“ನಾಕು ವರ್ಷಕ್ಕ ಬಿಟ್ಟು ಬಂದ್ಲು ನೋಡವ್ವ” ಅಂದಳು ಒಬ್ಬಾಕೆ.

“ಬರೇ ರೀಲ್ಸ್ ಮಾಡ್ಕೋತ ಕುಂತ್ರ ಸಂಸಾರ ಎಲ್ಲಿ ನಿಂದ್ರತೈತಿ?” ಅಂದಳು ಇನ್ನೊಬ್ಬಾಕೆ.

“ಹೆಣ್ಣಿಗೆ ಹೊಂದ್ಕೊಂಡು ಹೋಗೋ ಗುಣ ಇರಬೇಕ್ರಿ. ತವರಿನವರರ ಒಂದ್ ಮಾತು ಬುದ್ಧಿ ಹೇಳಬಾರದಾ?”

ಈ ಮೂರನೇ ಮಾತು ಅಂದವಳು ನಾನೇ.

ನಮ್ಮ ಜೊತೆ ಅಕ್ಕನ ಮಗಳೂ ಕೂತಿದ್ದಳು. ಹಿಂದಿನ ವರ್ಷವಷ್ಟೇ ಯಲಬುರ್ಗಾ ಕಡೆಗೆ ಮದುವೆಯಾಗಿತ್ತು. ಎಂಟು ದಿನ ಇದ್ದು ಹೋಗುತ್ತೇನೆ ಅಂತ ಬಂದಿದ್ದಳು. ನನ್ನ ಮಾತು ಮುಗಿಯುತ್ತಿದ್ದಂತೆ ಈಳಿಗೆ ಪಕ್ಕಕ್ಕಿಟ್ಟು ಒಳಗೆ ಎದ್ದು ಹೋದಳು. ಖಾರಪುಡಿಯ ಘಾಟಿಗೆ ಎದ್ದಳೇನೋ ಅಂದುಕೊಂಡೆವು.

ರಾತ್ರಿ ಹಾಸಿಗೆ ಹಾಸುವಾಗ ಮೆಲ್ಲಗೆ ಕೇಳಿದಳು: “ಚಿಗವ್ವಾ, ನಾ ವಾಪಸ್ ಹೋಗಂಗಿಲ್ಲ ಅಂದ್ರ ನನಗೂ ಹಿಂಗ ಅಂತೀಯೇನು?”

ತೋಳು ಮೇಲಕ್ಕೆ ಸರಿಸಿ ತೋರಿಸಿದಳು. ಆರು ತಿಂಗಳಿಂದ ಹೊಡೆತ. “ಅವ್ವಗ ಹೇಳಬೇಕಂತನ ಬಂದಿದ್ದೆ. ಮಧ್ಯಾಹ್ನ ನಿಮ್ಮ ಮಾತು ಕೇಳಿ, ನಾಳೆ ಬಸ್ಸಿಗೆ ಹೋಗಿಬಿಡೂಣು ಅನ್ಕೊಂಡೆ” ಅಂದಳು. ನನ್ನ ಬಾಯಿ ಕಟ್ಟಿಹೋಯಿತು.

ಗೆಳತಿಯರೇ, ಚಂದನ್, ನಿವೇದಿತಾ ಮುಂದೆ ಜೊತೆಯಾಗಿಯೇ ಪತ್ರಿಕಾಗೋಷ್ಠಿ ಕರೆದರು. ಹಬ್ಬಿರುವ ವದಂತಿಗಳು ನಿಜವಲ್ಲ ಎಂದರು. ಒಪ್ಪಿ ಬೇರಾದ ಇಬ್ಬರು ಒಂದೇ ಮೇಜಿನ ಹಿಂದೆ ಕೂತು ಹೇಳಿದ ಮೇಲೂ ಆಕೆಯ ಬಟ್ಟೆ, ಆಕೆಯ ರೀಲ್ಸ್, ಆಕೆಯ ನಗು, ಎಲ್ಲದರ ಕೆಳಗೂ ಬೈಗುಳ ನಿಲ್ಲಲಿಲ್ಲ. ಆತನ ಹಾಡು ಮಾತ್ರ ನಮ್ಮ ಓಣಿಯಲ್ಲಿ ಹಾಗೇ ಮೊಳಗುತ್ತಿತ್ತು. ಆತ ಹಾಡಬಾರದು ಅಂತ ನಾನು ಹೇಳುತ್ತಿಲ್ಲ. ಇಬ್ಬರ ವಿಷಯಕ್ಕೆ ಒಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದು ಯಾಕೆ ಅಂತಷ್ಟೇ ಕೇಳುತ್ತಿದ್ದೇನೆ.

2020ರ ಆಗಸ್ಟ್‌ನಲ್ಲಿ ಬಂದ ಚಂದನ್‌ರ ‘ಕೋಲುಮಂಡೆ’ ಹಾಡಿನ ಗಲಾಟೆ ನಿಮಗೆ ನೆನಪಿರಬಹುದು. ಅದು ಮಲೆ ಮಹದೇಶ್ವರನ ಭಕ್ತರು ಹಾಡುವ ಜನಪದ ಹಾಡು. ಅದರಲ್ಲಿ ಬರುವ ಶರಣೆ ಸಂಕಮ್ಮನನ್ನು ವಿಡಿಯೊದಲ್ಲಿ ತೋರಿಸಿದ ರೀತಿ ಸರಿಯಿಲ್ಲ ಅಂತ ಭಕ್ತರು ಸಿಟ್ಟಾದರು. ಚಂದನ್ ಕ್ಷಮೆ ಕೇಳಿ ವಿಡಿಯೊ ತೆಗೆದುಹಾಕಿದರು. ಭಕ್ತರ ನೋವು ನ್ಯಾಯವಾದದ್ದೇ. ಆದರೆ ಸಂಕಮ್ಮನ ಕಥೆ ಏನು ಹೇಳಿ? ಕಾಡಿಗೆ ಹೊರಟ ಗಂಡ ಅವಳ ಶೀಲದ ಮೇಲೆ ಸಂಶಯಪಟ್ಟು ಭಾಷೆ ಕೊಡು ಅನ್ನುತ್ತಾನೆ. ಕೊಡಲಾರೆ ಅಂದವಳಿಗೆ ಚಿತ್ರಹಿಂಸೆ ಕೊಡುತ್ತಾನೆ. ಅವಳ ಕೈಹಿಡಿದವನು ಮಾದಪ್ಪ. ಸಂಶಯಕ್ಕೆ ಗುರಿಯಾದ ಹೆಣ್ಣಿನ ಕಡೆ ದೇವರೇ ನಿಂತ ಕಥೆ ಅದು. ನಾವು ನಟಿಯ ಉಡುಗೆ ಕುರಿತು ವಾರಗಟ್ಟಲೆ ಮಾತಾಡಿದೆವು, ಕಥೆಯನ್ನು ಮರೆತೆವು.

ಇದು ಮೊಬೈಲ್ ಕಾಲದ ರೋಗ ಅನ್ನಬೇಡಿ. ಬಾಗಲಕೋಟೆ ಜಿಲ್ಲೆಯ ಬೀಳಗಿಯಿಂದ ಹೋದ ಗೋಹರಬಾಯಿ, ಅಮೀರಬಾಯಿ ಕರ್ನಾಟಕಿ ಅಕ್ಕತಂಗಿಯರ ಹೆಸರು ನಿಮ್ಮ ಅಜ್ಜಿಗೆ ಗೊತ್ತಿರುತ್ತದೆ. ಗೋಹರಬಾಯಿ 1938ರಲ್ಲಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿ ಸೇರಿದರು. ಇಬ್ಬರೂ ಜೊತೆಯಾಗಿ ಬಾಳಿದರು. ಬಾಲಗಂಧರ್ವರು ಕೆಟ್ಟದ್ದೇ ಆಕೆಯಿಂದ ಅಂತ ಊರೆಲ್ಲ ಆಡಿಕೊಂಡಿತು. ಟಾಕಿ ಸಿನಿಮಾ ಬಂದು ನಾಟಕ ಕಂಪನಿಗಳು ಬಸವಳಿದದ್ದು ಆಕೆ ಕಾಲಿಡುವ ಮೊದಲೇ ಅಂತ ಯಾರೂ ನೆನೆಯಲಿಲ್ಲ. ಇನ್ನು ಅಮೀರಬಾಯಿ. 1943ರ ‘ಕಿಸ್ಮತ್’ ಸಿನಿಮಾದ ಹಾಡುಗಳಿಂದ ದೇಶವೆಲ್ಲ ಮನೆಮಾತಾದರು. ಆದರೂ ಮನೆಯಲ್ಲಿ ಗಂಡನ ಹಿಂಸೆ ತಪ್ಪಲಿಲ್ಲ. ಕೊನೆಗೆ ಆ ಮದುವೆಯಿಂದ ಹೊರಬರಬೇಕಾಯಿತು. ರಹಮತ್ ತರೀಕೆರೆ ಅವರು ಅಮೀರಬಾಯಿ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಲೈಬ್ರರಿಯಲ್ಲಿ ಸಿಕ್ಕರೆ ತಪ್ಪದೆ ಓದಿ.

ದೂರದ ಕೊಲಂಬಿಯಾದ ಗಾಯಕಿ ಶಕೀರಾ ಕೂಡ 2022ರಲ್ಲಿ ಫುಟ್‌ಬಾಲ್ ಆಟಗಾರ ಪಿಕೆಯಿಂದ ಬೇರಾದಾಗ ಪತ್ರಿಕೆಗಳ ಬಾಯಿಗೆ ಬಿದ್ದರು. 2023ರ ಜನವರಿಯಲ್ಲಿ ಆಕೆ ಅದಕ್ಕೆ ಹಾಡಿನಲ್ಲೇ ಉತ್ತರ ಕೊಟ್ಟರು. ಅದೇ ವರ್ಷ ಆ ಹಾಡಿಗೆ ಲ್ಯಾಟಿನ್ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆಕೆಯ ಕೈಯಲ್ಲಿ ಮೈಕು ಇತ್ತು, ಉತ್ತರ ಕೊಟ್ಟಳು. ನಮ್ಮನೆ ಹುಡುಗಿಯ ಕೈಯಲ್ಲಿ ಏನಿದೆ? ಅವ್ವ, ಚಿಗವ್ವ, ಪಕ್ಕದ ಮನೆಯ ಅಕ್ಕೋರು, ಅಷ್ಟೇ. ಅವರೇ ಹಾಗಂದರೆ ಅವಳು ಯಾರ ಹತ್ತಿರ ಹೋಗಬೇಕು?

ಈಗ ಅಕ್ಕನ ಮಗಳು ಕೊಪ್ಪಳದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಆಕೆಯನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಎರಡೂ ಕಡೆಯ ಹಿರಿಯರು ಕೂತು ಮಾತಾಡಿದ್ದಾರೆ, ಏನೂ ಇತ್ಯರ್ಥವಾಗಿಲ್ಲ. ಆದರೆ ಅವಳು ಮರುದಿನದ ಬಸ್ಸು ಹತ್ತಲಿಲ್ಲ. ಅದೇ ನನಗೆ ಸಮಾಧಾನ.

ನಾವು ಇಷ್ಟು ಮಾಡಬಹುದು:

• ಟೀವಿಯಲ್ಲಿ ಯಾರದೋ ವಿಚ್ಛೇದನದ ಸುದ್ದಿ ಬಂದಾಗ, ನಮ್ಮ ಮಾತು ಕೇಳಿಸಿಕೊಳ್ಳುತ್ತಿರುವವರು ಯಾರು ಅಂತ ಒಮ್ಮೆ ಸುತ್ತ ನೋಡೋಣ.

• “ಅಂತೆ, ಕಂತೆ” ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಮುಂದೆ ಕಳಿಸುವುದು ಬೇಡ. ಅಲ್ಲಿಗೇ ಅಳಿಸಿಬಿಡಿ.

• ಮಕ್ಕಳು ಪೆಗ್ ಹಾಡು ಹಾಡಿದರೆ ಹೊಡೆಯಬೇಡಿ. ಜೊತೆಗೆ ಕೂತು ಅದರ ಅರ್ಥ ಹೇಳಿ. ಕುಡಿತದಿಂದ ಹಾಳಾದ ಮನೆ ನಮ್ಮ ಓಣಿಯಲ್ಲೇ ಇರುತ್ತದೆ, ಅದನ್ನೂ ಹೇಳಿ.

• ತವರಿಗೆ ಬಂದ ಮಗಳನ್ನು “ಯಾವಾಗ ಹೊಂಟಿ?” ಅಂತ ಕೇಳುವ ಬದಲು “ಅರಾಮ ಅದಿಯೇನವ್ವ?” ಅಂತ ಕೇಳಿ. ಉತ್ತರ ಬರುವವರೆಗೂ ಕಾಯಿರಿ.

• ಹಿಂಸೆ ಇದ್ದರೆ ಮುಚ್ಚಿಡಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಣ್ಣುಮಕ್ಕಳ ರಕ್ಷಣೆಗೆಂದೇ ಇದೆ.

ಆ ವರ್ಷದ ಉಪ್ಪಿನಕಾಯಿ ಖಾಲಿಯಾಗಿ ಬಹಳ ದಿನವಾಯಿತು. ಆ ಮಧ್ಯಾಹ್ನ ಆಡಿದ ಮಾತು ಮಾತ್ರ ನನ್ನ ನಾಲಿಗೆಯ ಮೇಲೆ ಇನ್ನೂ ಹುಳಿಯಾಗಿ ಕೂತಿದೆ. ನಿಮಗೆ ಹಾಗಾಗದಿರಲಿ ಅಂತ ಬರೆದೆ.